ಬೆಳಕು ನಿಧಾನವಾದ ಮಾತ್ರಕ್ಕೆ ಬಾಗಬೇಕೇಕೆ?

ಪ್ರಶ್ನೆ: ಗಾಳಿಯಿಂದ ಗಾಜಿಗೆ ಹೋಗುವಾಗ ಬೆಳಕು ನಿಧಾನವಾಗುತ್ತದೆ, ಆದ್ದರಿಂದ ಲಂಬದ ಕಡೆಗೆ ಬಾಗುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ನಿಧಾನವಾದ ಮಾತ್ರಕ್ಕೆ ದಿಕ್ಕೇಕೆ ಬದಲಾಗಬೇಕು? ನಿಧಾನವಾಗಿ, ಆದರೆ ನೇರವಾಗಿಯೇ ಹೋಗಬಹುದಲ್ಲವೇ? ಗಾಜಿನಿಂದ ಹೊರಬಂದ ಕೂಡಲೇ ಅದು ಹಳೆಯ ವೇಗಕ್ಕೆ ಮರಳುತ್ತದಂತೆ; ಆ ವೇಗವನ್ನು ಅದಕ್ಕೆ ಕೊಡುವುದು ಯಾವುದು? ಕೆಲವು ಕೋನಗಳಲ್ಲಿ ಬೆಳಕು ಗಾಜಿನಿಂದ ಹೊರಬರುವುದೇ ಇಲ್ಲವೆಂಬುದೂ ನನಗೆ ಅರ್ಥವಾಗಿಲ್ಲ.

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದೇ. ನಿಧಾನವಾಗುವುದಕ್ಕೂ ಬಾಗುವುದಕ್ಕೂ ನಡುವೆ ಒಂದು ಮೆಟ್ಟಿಲಿದೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಅದನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತವೆ. ಆ ಮೆಟ್ಟಿಲನ್ನು ಬಿಟ್ಟರೆ ತದ್ವಿರುದ್ಧವಾದ ವಾದವನ್ನೂ ಅಷ್ಟೇ ಸಮರ್ಥವಾಗಿ ಮಂಡಿಸಬಹುದು, ಮತ್ತು ಹಾಗೆ ಮಂಡಿಸಿದವರು ಸಾಮಾನ್ಯರಲ್ಲ. ಬೆಳಕು ಕಣಗಳ ಪ್ರವಾಹವೆಂದು ಭಾವಿಸಿದ್ದ ನ್ಯೂಟನ್ ಕೊಟ್ಟ ವಿವರಣೆ ಹೀಗಿತ್ತು: ಗಾಜಿನ ಮೇಲ್ಮೈಗೆ ತೀರ ಸಮೀಪಿಸಿದ ಕಣವನ್ನು ಗಾಜು ತನ್ನತ್ತ ಸೆಳೆಯುತ್ತದೆ, ಆಗ ಮೇಲ್ಮೈಗೆ ಸಮಾಂತರವಾಗಿರುವ ವೇಗದ ಅಂಶ ಇದ್ದಂತೆಯೇ ಉಳಿದು, ಲಂಬವಾಗಿರುವ ಅಂಶ ಮಾತ್ರ ಹೆಚ್ಚುವುದರಿಂದ ಕಣದ ಹಾದಿ ಲಂಬದ ಕಡೆಗೆ ತಿರುಗುತ್ತದೆ. ಈ ವಾದದ ಪ್ರಕಾರ ಬೆಳಕು ಗಾಜಿನೊಳಗೆ ಇನ್ನೂ ಜೋರಾಗಿ ಓಡಬೇಕು. ಆದರೂ ಕೋನಗಳ ಲೆಕ್ಕ ತಪ್ಪುವುದಿಲ್ಲ. ಬಾಗುವಿಕೆಯ ನಿಯಮ ಇದರಿಂದಲೂ ಸರಿಯಾಗಿಯೇ ಹೊರಬರುತ್ತದೆ. 1850ರಲ್ಲಿ ಫ್ರಾನ್ಸಿನ ಲಿಯಾನ್ ಫೂಕೋ, ವೇಗವಾಗಿ ತಿರುಗುವ ಕನ್ನಡಿಯ ನೆರವಿನಿಂದ, ನೀರಿನಲ್ಲಿ ಬೆಳಕಿನ ವೇಗ ಗಾಳಿಯಲ್ಲಿರುವುದಕ್ಕಿಂತ ಕಡಿಮೆ ಎಂದು ನೇರವಾಗಿ ತೋರಿಸಿದ ಮೇಲೆಯೇ ಈ ವಾದದ ಕಥೆ ಮುಗಿದದ್ದು. ಹೀಗಾಗಿ ಬರಿಯ ವೇಗದ ಬದಲಾವಣೆಯಿಂದ ಬಾಗುವ ದಿಕ್ಕು ತೀರ್ಮಾನವಾಗುವುದಿಲ್ಲ. ಬಿಟ್ಟುಹೋದ ಆ ಮೆಟ್ಟಿಲು ಬೆಳಕಿನ ಅಲೆಯ ಗುಣಕ್ಕೆ ಸೇರಿದ್ದು.

ಮೊದಲು ಕೆಲವು ಅಂಕಿಗಳನ್ನು ಮುಂದಿಟ್ಟುಕೊಳ್ಳೋಣ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 2,99,792.458 ಕಿಲೋಮೀಟರ್. ಆ ವೇಗವನ್ನು ಒಂದು ಮಾಧ್ಯಮದಲ್ಲಿರುವ ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆ ಮಾಧ್ಯಮದ ವಕ್ರೀಭವನ ಸೂಚ್ಯಂಕ. ಗಾಳಿಗೆ ಇದು ಸುಮಾರು 1.0003, ಅಂದರೆ ನಮ್ಮ ಲೆಕ್ಕಕ್ಕೆ ಒಂದೇ ಎನ್ನಬಹುದು. ಸಾಮಾನ್ಯ ಗಾಜಿಗೆ ಸುಮಾರು 1.5, ಗಾಜಿನೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್‌ನಷ್ಟು ಹೋಗುತ್ತದೆ. ಬೆಳಕು ನಿಧಾನವಾಗಿ ಸಾಗುವ ಮಾಧ್ಯಮವನ್ನು ಸಾಂದ್ರ ಮಾಧ್ಯಮ ಎಂದು ಕರೆಯುವ ರೂಢಿ ಇದೆಯಾದರೂ, ಇದು ತೂಕದ ಸಾಂದ್ರತೆಯಲ್ಲ: ನೀರಿನ ಮೇಲೆ ತೇಲುವ ಸೀಮೆಎಣ್ಣೆಯ ಸೂಚ್ಯಂಕ ಸುಮಾರು 1.44, ನೀರಿನದು 1.33.

ಗಾಳಿಯಿಂದ ಗಾಜಿಗೆ 30 ಡಿಗ್ರಿ ಓರೆಯಾಗಿ ಬಿದ್ದ ಕಿರಣ ಒಳಗೆ 19.5 ಡಿಗ್ರಿಯಲ್ಲಿ ಸಾಗುತ್ತದೆ. 60 ಡಿಗ್ರಿಯಲ್ಲಿ ಬಿದ್ದದ್ದು 35.3 ಡಿಗ್ರಿಯಲ್ಲಿ; 80 ಡಿಗ್ರಿಯದು 41 ಡಿಗ್ರಿಯಲ್ಲಿ. ಈ ಕೋನಗಳನ್ನೆಲ್ಲ ಮೇಲ್ಮೈಗೆ ಎಳೆದ ಲಂಬರೇಖೆಯಿಂದ ಅಳೆಯಬೇಕು, ಮೇಲ್ಮೈಯಿಂದಲ್ಲ. ಕೋನಗಳನ್ನೇ ಒಂದರಿಂದ ಇನ್ನೊಂದನ್ನು ಭಾಗಿಸಿ ನೋಡಿದರೆ ಸ್ಥಿರವಾದ ಸಂಖ್ಯೆ ಸಿಗದು. ಕೋನಗಳ ಸೈನ್ ಬೆಲೆಗಳನ್ನು ಭಾಗಿಸಿದರೆ ಮಾತ್ರ ಪ್ರತಿ ಬಾರಿಯೂ 1.5 ಬರುತ್ತದೆ. ಇಷ್ಟು ಸರಳವಾದ ನಿಯಮ ಕೈಗೆ ಸಿಗಲು ಬಹಳ ಕಾಲ ಹಿಡಿಯಿತು. ಎರಡನೆಯ ಶತಮಾನದಲ್ಲೇ ಟಾಲೆಮಿ ಗಾಳಿ, ನೀರು, ಗಾಜುಗಳ ನಡುವಿನ ಕೋನಗಳಿಗೆ ಪಟ್ಟಿಗಳನ್ನು ಕೊಟ್ಟಿದ್ದಾನೆ. ಆ ಪಟ್ಟಿಗಳಲ್ಲಿ ಒಂದು ಸಾಲಿನಿಂದ ಮುಂದಿನದಕ್ಕೆ ಆಗುವ ಏರಿಕೆ ಅರ್ಧರ್ಧ ಡಿಗ್ರಿಯಷ್ಟೇ ತಗ್ಗುತ್ತಾ ಹೋಗುವ ಶಿಸ್ತನ್ನು ಕಂಡರೆ, ಅಳೆದ ಅಂಕಿಗಳನ್ನು ಲೆಕ್ಕಕ್ಕೆ ಕೂರುವಂತೆ ಒಂದಿಷ್ಟು ತಿದ್ದಿರಬೇಕು ಎನಿಸುತ್ತದೆ. ಸರಿಯಾದ ಸಂಬಂಧ ಬಾಗ್ದಾದಿನ ಇಬ್ನ್ ಸಹ್ಲ್ ಸುಮಾರು 984ರಲ್ಲಿ ಬರೆದ ಗ್ರಂಥದಲ್ಲಿದೆ. ಯೂರೋಪಿನಲ್ಲಿ ಅದನ್ನು ಲೈಡನ್‌ನ ವಿಲ್ಲೆಬ್ರೋರ್ಡ್ ಸ್ನೆಲ್ 1621ರ ಸುಮಾರಿಗೆ ಕಂಡುಕೊಂಡು, ಪ್ರಕಟಿಸದೆಯೇ ತೀರಿಕೊಂಡರು; 1637ರಲ್ಲಿ ಅದನ್ನು ಅಚ್ಚಿನಲ್ಲಿ ತಂದದ್ದು ಡೆಕಾರ್ಟ್.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಬೆಳಕಿನ ಅಲೆಯ ಉಬ್ಬುಗಳನ್ನು ಒಂದರ ಹಿಂದೆ ಒಂದು ಸಮಾಂತರವಾಗಿ ನಿಂತ ಗೆರೆಗಳಂತೆ ಚಿತ್ರಿಸಿಕೊಳ್ಳಿ. ಲೆಕ್ಕ ಸುಲಭವಾಗಲೆಂದು ಗಾಳಿಯಲ್ಲಿ ಎರಡು ಉಬ್ಬುಗಳ ನಡುವಿನ ಅಂತರ, ಅಂದರೆ ತರಂಗದೂರ, 600 ನ್ಯಾನೋಮೀಟರ್ ಇರುವ ಕಿತ್ತಳೆ ಬಣ್ಣದ ಬೆಳಕನ್ನು ತೆಗೆದುಕೊಳ್ಳೋಣ. ಅಲೆ ಗಾಜಿಗೆ ಬಡಿದಾಗ ಬದಲಾಗದೆ ಉಳಿಯುವುದು ಅದರ ಆವೃತ್ತಿ: ಗಾಳಿಯ ಬದಿಯಿಂದ ಸೆಕೆಂಡಿಗೆ ಎಷ್ಟು ಉಬ್ಬುಗಳು ಮೇಲ್ಮೈಗೆ ಬರುತ್ತವೆಯೋ ಅಷ್ಟೇ ಉಬ್ಬುಗಳು ಗಾಜಿನೊಳಕ್ಕೆ ಹೊರಡಬೇಕು, ಏಕೆಂದರೆ ಮೇಲ್ಮೈಯಲ್ಲಿ ಉಬ್ಬುಗಳು ಕಳೆದುಹೋಗುವುದಕ್ಕೂ ಹೊಸದಾಗಿ ಹುಟ್ಟಿಕೊಳ್ಳುವುದಕ್ಕೂ ಆಸ್ಪದವಿಲ್ಲ. ಆವೃತ್ತಿ ಅಷ್ಟೇ ಇದ್ದು ವೇಗ ಮಾತ್ರ ಮೂರನೇ ಎರಡು ಪಾಲಿಗೆ ಕುಗ್ಗಿದರೆ ಉಬ್ಬುಗಳು ಒತ್ತೊತ್ತಾಗಲೇಬೇಕು. 600 ನ್ಯಾನೋಮೀಟರ್ ಇದ್ದ ಅಂತರ ಗಾಜಿನೊಳಗೆ 400ಕ್ಕೆ ಇಳಿಯುತ್ತದೆ.

ಈ ಅಲೆ 30 ಡಿಗ್ರಿ ಓರೆಯಾಗಿ ಬರುತ್ತಿದೆ ಎನ್ನಿ. ಉಬ್ಬಿನ ಗೆರೆಗಳು ಗಾಜಿನ ಮೇಲ್ಮೈಯನ್ನು ಓರೆಯಾಗಿ ಕತ್ತರಿಸುವುದರಿಂದ, ಮೇಲ್ಮೈಯ ಉದ್ದಕ್ಕೂ ಅಳೆದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ 600 ನ್ಯಾನೋಮೀಟರ್ ಅಲ್ಲ. 600ನ್ನು 30 ಡಿಗ್ರಿಯ ಸೈನ್ ಆದ ಅರ್ಧದಿಂದ ಭಾಗಿಸಿದಾಗ ಬರುವ 1,200 ನ್ಯಾನೋಮೀಟರ್. ಮೇಲ್ಮೈಯ ಮೇಲೆ ಮೂಡುವ ಈ ಹೆಜ್ಜೆಗುರುತುಗಳೇ ಇಡೀ ವಿಷಯದ ತಿರುಳು. ಮೇಲ್ಮೈಗೆ ಕೂದಲೆಳೆಯಷ್ಟು ಮೇಲೆ ಗಾಳಿಯಲ್ಲಿ ಉಬ್ಬು ಎಲ್ಲಿದೆಯೋ, ಕೂದಲೆಳೆಯಷ್ಟು ಕೆಳಗೆ ಗಾಜಿನಲ್ಲೂ ಉಬ್ಬು ಅಲ್ಲೇ ಇರಬೇಕು. ಇಲ್ಲದಿದ್ದರೆ ವಿದ್ಯುತ್ ಕ್ಷೇತ್ರ ಗಡಿಯಲ್ಲಿ ಹರಿದುಹೋದಂತಾಗುತ್ತದೆ, ನಿಸರ್ಗ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಗಾಜಿನೊಳಗಿನ ಅಲೆಯೂ ಮೇಲ್ಮೈಯ ಉದ್ದಕ್ಕೂ ಅದೇ 1,200 ನ್ಯಾನೋಮೀಟರ್‌ಗೆ ಒಂದರಂತೆ ಉಬ್ಬುಗಳನ್ನು ಊರಬೇಕು. ಆದರೆ ಅದರ ತರಂಗದೂರ ಈಗ 400 ಮಾತ್ರ. 400 ಅಂತರದ ಗೆರೆಗಳು ಮೇಲ್ಮೈಯನ್ನು 1,200 ಅಂತರದಲ್ಲಿ ಕತ್ತರಿಸಬೇಕಾದರೆ ಅವು ಎಷ್ಟು ಓರೆಯಾಗಿರಬೇಕು? ಸೈನ್ ಬೆಲೆ ಮೂರನೇ ಒಂದು ಆಗುವಷ್ಟು, ಅಂದರೆ 19.5 ಡಿಗ್ರಿ. ಅಲೆ ನೇರವಾಗಿ ಮುಂದುವರಿದಿದ್ದರೆ ಗಾಜಿನ ಬದಿಯ ಹೆಜ್ಜೆಗಳು 800 ನ್ಯಾನೋಮೀಟರ್‌ಗೆ ಒಂದರಂತೆ ಬಿದ್ದು, ಗಾಳಿಯ ಬದಿಯ ಹೆಜ್ಜೆಗಳಿಗೆ ಹೊಂದದೆ ಹೋಗುತ್ತಿದ್ದವು. ನಿಧಾನವಾಗಿ, ಆದರೆ ನೇರವಾಗಿ ಹೋಗಬಹುದಲ್ಲವೇ ಎಂಬ ಪ್ರಶ್ನೆಗೆ ಇದೇ ಉತ್ತರ: ಹಾಗೆ ಹೋದರೆ ಗಡಿಯ ಎರಡು ಬದಿಯ ಅಲೆಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ನಮ್ಮ 30 ಡಿಗ್ರಿಯ ಜಾಗದಲ್ಲಿ ಯಾವ ಕೋನವನ್ನಿಟ್ಟು ಈ ಲೆಕ್ಕವನ್ನು ಮಾಡಿದರೂ ಸ್ನೆಲ್ ನಿಯಮವೇ ಕೈಗೆ ಬರುತ್ತದೆ.

ತರಗತಿಗಳಲ್ಲಿ ಇದನ್ನು ಕವಾಯತಿನ ಸಾಲಿಗೆ ಹೋಲಿಸುವುದುಂಟು: ಸಾಲು ಗಟ್ಟಿ ನೆಲದಿಂದ ಕೆಸರಿಗೆ ಓರೆಯಾಗಿ ಇಳಿದಾಗ, ಮೊದಲು ಕೆಸರು ಮುಟ್ಟಿದ ತುದಿ ಹಿಂದೆ ಬಿದ್ದು, ಇನ್ನೊಂದು ತುದಿ ಅದೇ ವೇಗದಲ್ಲಿ ಮುಂದುವರಿದು, ಇಡೀ ಸಾಲೇ ತಿರುಗುತ್ತದೆ. ಸಾಲು ಏಕೆ ಓರೆಯಾಗುತ್ತದೆ ಎಂಬುದನ್ನು ಈ ಹೋಲಿಕೆ ಚೆನ್ನಾಗಿ ತೋರಿಸುತ್ತದೆ. ಆದರೆ ಸಾಲು ಓರೆಯಾದರೂ ಅದರಲ್ಲಿರುವ ಒಬ್ಬೊಬ್ಬನೂ ತನ್ನ ಮೂಗಿನ ನೇರಕ್ಕೆ ಹಳೆಯ ದಿಕ್ಕಿನಲ್ಲೇ ನಡೆಯಬಹುದಲ್ಲ! ನಿಮ್ಮ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ. ಅಲೆಗೆ ಆ ಸ್ವಾತಂತ್ರ್ಯವಿಲ್ಲ. ಗಾಜಿನಂತೆ ಎಲ್ಲ ದಿಕ್ಕಿನಲ್ಲೂ ಒಂದೇ ಗುಣವಿರುವ ಮಾಧ್ಯಮದಲ್ಲಿ ಅಲೆ ಯಾವಾಗಲೂ ತನ್ನ ಉಬ್ಬಿನ ಗೆರೆಗೆ ಲಂಬವಾಗಿಯೇ ಸಾಗುತ್ತದೆ. ಗೆರೆ ತಿರುಗಿದರೆ ಕಿರಣವೂ ತಿರುಗಿತೆಂದೇ ಅರ್ಥ. ಕ್ಯಾಲ್ಸೈಟ್‌ನಂಥ ಕೆಲವು ಹರಳುಗಳಲ್ಲಿ ಈ ಮಾತು ಪೂರ್ತಿ ನಿಲ್ಲುವುದಿಲ್ಲ, ಅವುಗಳ ಮೂಲಕ ಅಕ್ಷರಗಳು ಎರಡೆರಡಾಗಿ ಕಾಣುವುದೂ ಅದರದೇ ನಂಟು. ಆದರೆ ಅದು ಬೇರೆಯೇ ಅಧ್ಯಾಯ.

ಬೆಳಕು ಮೇಲ್ಮೈಗೆ ಲಂಬವಾಗಿ ಬಿದ್ದರೆ ಉಬ್ಬಿನ ಗೆರೆ ಇಡೀ ಮೇಲ್ಮೈಯನ್ನು ಒಂದೇ ಕ್ಷಣದಲ್ಲಿ ಮುಟ್ಟುವುದರಿಂದ ಹೆಜ್ಜೆ ಹೊಂದಿಸುವ ಪ್ರಶ್ನೆಯೇ ಏಳುವುದಿಲ್ಲ. ವೇಗ ಕುಗ್ಗುತ್ತದೆ, ದಿಕ್ಕು ಬದಲಾಗುವುದಿಲ್ಲ. ಎರಡು ಮುಖಗಳೂ ಸಮಾಂತರವಾಗಿರುವ ಚಪ್ಪಡಿಯಲ್ಲಿ ಒಳಹೋಗುವಾಗ ಎಷ್ಟು ಬಾಗಿತೋ ಹೊರಬರುವಾಗ ಅಷ್ಟೇ ಹಿಂದಕ್ಕೆ ಬಾಗಿ, ಕಿರಣ ಮೂಲ ದಿಕ್ಕಿಗೆ ಸಮಾಂತರವಾಗಿ, ಸ್ವಲ್ಪ ಪಕ್ಕಕ್ಕೆ ಸರಿದು ಹೊರಡುತ್ತದೆ. 10 ಮಿಲಿಮೀಟರ್ ದಪ್ಪದ ಗಾಜಿನ ಮೇಲೆ 45 ಡಿಗ್ರಿಯಲ್ಲಿ ಬಿದ್ದ ಕಿರಣ ಪಕ್ಕಕ್ಕೆ ಸರಿಯುವುದು ಸುಮಾರು 3.3 ಮಿಲಿಮೀಟರ್. 15 ಮಿಲಿಮೀಟರ್ ದಪ್ಪದ ಚಪ್ಪಡಿಯನ್ನು ಅಚ್ಚಾದ ಹಾಳೆಯ ಮೇಲಿಟ್ಟು ನೇರವಾಗಿ ಮೇಲಿನಿಂದ ನೋಡಿದರೆ ಅಕ್ಷರಗಳು 5 ಮಿಲಿಮೀಟರ್ ಮೇಲಕ್ಕೆದ್ದು, 10 ಮಿಲಿಮೀಟರ್ ಆಳದಲ್ಲಿರುವಂತೆ ಕಾಣುತ್ತವೆ. ಮುಖಗಳು ಸಮಾಂತರವಲ್ಲದಿದ್ದರೆ ಎರಡನೆಯ ಬಾಗು ಮೊದಲನೆಯದನ್ನು ಅಳಿಸುವುದಿಲ್ಲ. ಪ್ರಿಸಂ ಮತ್ತು ಮಸೂರಗಳ ಕೆಲಸವೆಲ್ಲ ನಡೆಯುವುದು ಇದರಿಂದ.

ಇನ್ನು ಬೆಳಕು ಗಾಜಿನಲ್ಲಿ ನಿಧಾನವಾಗುವುದಾದರೂ ಏಕೆ? ಇದನ್ನು ತಿಳಿಯದೆ ನಿಮ್ಮ ಎರಡನೆಯ ಪ್ರಶ್ನೆ ಬಗೆಹರಿಯುವುದಿಲ್ಲ. ಫೋಟಾನ್, ಅಂದರೆ ಬೆಳಕಿನ ಕಣ, ಒಂದು ಪರಮಾಣುವಿಗೆ ಬಡಿದು, ಅದರಲ್ಲಿ ಹೀರಲ್ಪಟ್ಟು, ಸ್ವಲ್ಪ ಹೊತ್ತು ತಂಗಿದ್ದು, ಮತ್ತೆ ಹೊರಟು ಮುಂದಿನ ಪರಮಾಣುವಿಗೆ ಬಡಿಯುತ್ತದೆ ಎಂಬ ವಿವರಣೆ ಬಹಳ ಕಡೆ ಓಡಾಡುತ್ತಿದೆ. ಅದನ್ನು ನಾನು ಒಪ್ಪುವುದಿಲ್ಲ. ಹಾಗೆ ಹೀರಿ ಬಿಡುವ ಬೆಳಕು ಯಾವುದೋ ದಿಕ್ಕಿಗೆ ಚೆದರಬೇಕಾಗಿತ್ತು, ಗಾಜು ಹಾಲಿನಂತೆ ಬೆಳ್ಳಗೆ ಕಾಣಬೇಕಾಗಿತ್ತು. ನಿಜವಾಗಿ ನಡೆಯುವುದು ಬೇರೆ. ಬೆಳಕಿನ ವಿದ್ಯುತ್ ಕ್ಷೇತ್ರ ಗಾಜಿನಲ್ಲಿರುವ ಎಲೆಕ್ಟ್ರಾನ್‌ಗಳನ್ನು ತನ್ನದೇ ಆವೃತ್ತಿಯಲ್ಲಿ ಅಲುಗಾಡಿಸುತ್ತದೆ. ಅಲುಗಾಡುವ ಎಲೆಕ್ಟ್ರಾನ್‌ಗಳು ಅದೇ ಆವೃತ್ತಿಯ ಪುಟ್ಟ ಅಲೆಗಳನ್ನು ಹೊಮ್ಮಿಸುತ್ತವೆ. ಪರಮಾಣುಗಳ ನಡುವಿನ ಅಂತರ ತರಂಗದೂರದ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿರುವುದರಿಂದ, ಪಕ್ಕಗಳಿಗೆ ಹೊರಟ ಪುಟ್ಟ ಅಲೆಗಳು ಒಂದನ್ನೊಂದು ಅಳಿಸಿಕೊಂಡು, ಮುಂದಕ್ಕೆ ಹೊರಟವು ಮಾತ್ರ ಒಗ್ಗೂಡುತ್ತವೆ. ಒಂದು ತೆಳುಪದರದ ಎಲೆಕ್ಟ್ರಾನ್‌ಗಳು ಹೀಗೆ ಮುಂದಕ್ಕೆ ಕಳಿಸುವ ಅಲೆ ಮೂಲ ಅಲೆಗಿಂತ ಕಾಲು ಆವರ್ತದಷ್ಟು ಹಿಂದುಳಿದಿರುತ್ತದೆ. ದೊಡ್ಡದೊಂದು ಅಲೆಗೆ ಹಿಂದುಳಿದ ಚಿಕ್ಕ ಅಲೆಯೊಂದನ್ನು ಕೂಡಿಸಿದರೆ ಬರುವ ಮೊತ್ತದ ಉಬ್ಬು ಎಳ್ಳಷ್ಟು ಹಿಂದಕ್ಕೆ ಸರಿಯುತ್ತದೆ. ಪದರದ ಮೇಲೆ ಪದರ ದಾಟಿದಂತೆಲ್ಲ ಈ ಹಿನ್ನಡೆ ಕೂಡುತ್ತಾ ಹೋಗಿ, ಒಂದು ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲಿನಷ್ಟು ಗಾಜನ್ನು ದಾಟುವ ಹೊತ್ತಿಗೆ 500 ನ್ಯಾನೋಮೀಟರ್ ತರಂಗದೂರದ ಬೆಳಕು ಇಡೀ ಒಂದು ಅಲೆಯಷ್ಟು ಹಿಂದೆ ಬಿದ್ದಿರುತ್ತದೆ. ನಾವು ಕಡಿಮೆ ವೇಗವೆಂದು ಅಳೆಯುವುದು ಈ ಒಟ್ಟುಗೂಡಿದ ಹಿನ್ನಡೆಯನ್ನು.

ಹೀಗೆ ನೋಡಿದಾಗ, ಗಾಜಿನ ಆಚೆಯ ಮುಖದಲ್ಲಿ ಬೆಳಕಿಗೆ ವೇಗ ಕೊಡುವವರು ಯಾರೂ ಬೇಕಾಗಿಲ್ಲ. ಚೆಂಡನ್ನು ಹಿಡಿದು ನಿಧಾನಗೊಳಿಸುವಂತೆ ಬೆಳಕಿನಿಂದ ಚಲನಶಕ್ತಿಯನ್ನು ಗಾಜು ಕಿತ್ತುಕೊಂಡಿರಲಿಲ್ಲ. ಗಾಜು ಮುಗಿದಲ್ಲಿ ಹಿನ್ನಡೆಯ ಅಲೆಗಳನ್ನು ಸೇರಿಸುವ ಎಲೆಕ್ಟ್ರಾನ್‌ಗಳೂ ಮುಗಿದವು, ಅಷ್ಟೇ. ಫೋಟಾನ್ ಒಂದರ ಶಕ್ತಿ ಅದರ ಆವೃತ್ತಿಯನ್ನು ಅವಲಂಬಿಸಿದೆ, ಆವೃತ್ತಿ ಎಲ್ಲೂ ಬದಲಾಗಿಲ್ಲ. ಶಕ್ತಿಯ ಲೆಕ್ಕವೂ ಸರಿಹೋಗುತ್ತದೆ: ಸೆಕೆಂಡಿಗೆ ಅಷ್ಟೇ ಶಕ್ತಿ ಹರಿಯಬೇಕಾದರೆ, ನಿಧಾನವಾಗಿ ಸಾಗುವ ಗಾಜಿನೊಳಗೆ ಅದು ಒಂದೂವರೆ ಪಟ್ಟು ಒತ್ತಾಗಿ ತುಂಬಿಕೊಂಡಿರುತ್ತದೆ. ಹರಿವು ನಿಜವಾಗಿ ಕಡಿಮೆಯಾಗುವುದು ಪ್ರತಿಫಲನದಿಂದ. ಲಂಬವಾಗಿ ಬಿದ್ದ ಬೆಳಕಿನಲ್ಲಿ ಪ್ರತಿ ಮುಖದಲ್ಲೂ ಸುಮಾರು 4 ಶೇಕಡಾ ಹಿಂದಕ್ಕೆ ಮರಳುವುದರಿಂದ ಸಾಮಾನ್ಯ ಕಿಟಕಿ ಗಾಜಿನ ಮೂಲಕ ದಾಟುವುದು ಸುಮಾರು 92 ಶೇಕಡಾ ಮಾತ್ರ. ರಾತ್ರಿ ದೀಪ ಹಚ್ಚಿದ ಕೋಣೆಯೊಳಗಿನಿಂದ ಕಿಟಕಿಯತ್ತ ನೋಡಿದರೆ ಹೊರಗಿನ ಕತ್ತಲೆಯ ಮೇಲೆ ನಮ್ಮದೇ ಮುಖ ಕಾಣುವುದು ಈ ಅಲ್ಪ ಪಾಲಿನಿಂದ.

ಎಲೆಕ್ಟ್ರಾನ್‌ಗಳ ಮಾತು ಬಂದುದರಿಂದ ಬಣ್ಣಗಳ ವಿಚಾರವನ್ನೂ ಇಲ್ಲೇ ಹೇಳಿಬಿಡಬಹುದು. ಗಾಜಿನ ಎಲೆಕ್ಟ್ರಾನ್‌ಗಳು ಸಹಜವಾಗಿ ಕಂಪಿಸಲು ಬಯಸುವ ಆವೃತ್ತಿ ಅತಿನೇರಳೆ ವಲಯದಲ್ಲಿದೆ. ನೀಲಿ ಬೆಳಕಿನ ಆವೃತ್ತಿ ಅದಕ್ಕೆ ಕೆಂಪಿಗಿಂತ ಹತ್ತಿರವಾದ್ದರಿಂದ ನೀಲಿಗೆ ಅವು ಹೆಚ್ಚು ಹುರುಪಿನಿಂದ ಓಗೊಡುತ್ತವೆ, ಹಿನ್ನಡೆಯೂ ಹೆಚ್ಚುತ್ತದೆ. ಮಸೂರಗಳಲ್ಲಿ ಹೆಚ್ಚಾಗಿ ಬಳಸುವ ಬೋರೋಸಿಲಿಕೇಟ್ ಕ್ರೌನ್ ಗಾಜಿನ ಸೂಚ್ಯಂಕ 656.3 ನ್ಯಾನೋಮೀಟರ್‌ನ ಕೆಂಪಿಗೆ 1.5143, 486.1ರ ನೀಲಿಗೆ 1.5224. 60 ಡಿಗ್ರಿಯಲ್ಲಿ ಬಿದ್ದ ಬಿಳಿ ಬೆಳಕಿನ ಈ ಎರಡು ಬಣ್ಣಗಳು ಗಾಜಿನೊಳಗೆ ಬೇರ್ಪಡುವುದು ಸುಮಾರು 0.2 ಡಿಗ್ರಿಯಷ್ಟೇ. ಚಿತ್ರಗಳಲ್ಲಿ ಪ್ರಿಸಂನೊಳಗೇ ಬಣ್ಣಗಳು ಬೀಸಣಿಗೆಯಂತೆ ಹರಡಿಕೊಳ್ಳುವುದು ಚಿತ್ರಕಾರನ ಔದಾರ್ಯ.

ಕೊನೆಯದಾಗಿ ಗಾಜಿನಿಂದ ಹೊರಬಾರದ ಬೆಳಕು. ಹೆಜ್ಜೆಗುರುತಿನ ಲೆಕ್ಕವನ್ನು ತಿರುಗಿಸಿ ಹಾಕಿದರೆ ಇದು ತಾನಾಗಿಯೇ ತೆರೆದುಕೊಳ್ಳುತ್ತದೆ. ಅದೇ ಕಿತ್ತಳೆ ಬೆಳಕು ಈಗ ಗಾಜಿನ ಒಳಗಿನಿಂದ 45 ಡಿಗ್ರಿಯಲ್ಲಿ ಮೇಲ್ಮೈಗೆ ಬಡಿಯುತ್ತಿದೆ. ಒಳಗೆ ತರಂಗದೂರ 400. ಮೇಲ್ಮೈಯ ಉದ್ದಕ್ಕೂ ಉಬ್ಬುಗಳ ಅಂತರ 400ನ್ನು 0.707ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 566 ನ್ಯಾನೋಮೀಟರ್. ಹೊರಗಿನ ಗಾಳಿಯಲ್ಲಿ ಈ ಬೆಳಕಿನ ತರಂಗದೂರ 600. ಅಲೆಯನ್ನು ಎಷ್ಟೇ ಓರೆ ಮಾಡಿದರೂ, ಮೇಲ್ಮೈಗೆ ಪೂರ್ತಿ ಮಲಗಿಸಿದರೂ, ಅದರ ಹೆಜ್ಜೆಗಳು 600ಕ್ಕಿಂತ ಹತ್ತಿರ ಬೀಳಲಾರವು. 566ರ ಹೆಜ್ಜೆಗೆ ಹೊಂದುವ ಅಲೆ ಗಾಳಿಯಲ್ಲಿ ಇರಲು ಸಾಧ್ಯವೇ ಇಲ್ಲ. ಆದ್ದರಿಂದ ಬೆಳಕಷ್ಟೂ ಗಾಜಿನೊಳಕ್ಕೇ ಮರಳುತ್ತದೆ. ಎರಡು ಅಂತರಗಳು ಸರಿಸಮನಾಗುವ 41.8 ಡಿಗ್ರಿಯೇ ಈ ಗಾಜಿನ ಕ್ರಾಂತಿಕ ಕೋನ, ಅದಕ್ಕಿಂತ ಹೆಚ್ಚಿನ ಕೋನಗಳಲ್ಲಿ ನಡೆಯುವುದು ಸಂಪೂರ್ಣ ಆಂತರಿಕ ಪ್ರತಿಫಲನ. ದುರ್ಬೀನುಗಳಲ್ಲಿ ಕನ್ನಡಿಯ ಬದಲು 45 ಡಿಗ್ರಿಯ ಪ್ರಿಸಂಗಳನ್ನು ಕೂರಿಸುವುದು ಈ ಧೈರ್ಯದ ಮೇಲೆ. ಅದೇ ಪ್ರಿಸಂನ ಹೊರಮುಖಕ್ಕೆ ನೀರು ತಾಗಿದರೆ ಕ್ರಾಂತಿಕ ಕೋನ ಸುಮಾರು 62.7 ಡಿಗ್ರಿಗೆ ಏರುವುದರಿಂದ 45 ಡಿಗ್ರಿಯಲ್ಲಿ ಬೆಳಕು ಸೋರತೊಡಗುತ್ತದೆ.

ಒಂದು ಸೂಕ್ಷ್ಮವನ್ನು ಮಾತ್ರ ಸೇರಿಸಬೇಕು. ಮೇಲ್ಮೈಯಾಚೆ ಸಾಗುವ ಅಲೆ ಇಲ್ಲವೆಂದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲವೆಂದಲ್ಲ. ಕ್ಷೇತ್ರ ಗಡಿಯಲ್ಲಿ ಹಠಾತ್ತನೆ ನಿಲ್ಲಲಾರದು. ತರಂಗದೂರದ ಒಂದು ಪಾಲಿನಷ್ಟು ಆಳಕ್ಕೆ ಗಾಳಿಯೊಳಗೆ ಚಾಚಿಕೊಂಡು ಬೇಗನೆ ಕ್ಷಯಿಸುತ್ತದೆ. ಅಷ್ಟು ಹತ್ತಿರಕ್ಕೆ ಬೇರೊಂದು ವಸ್ತುವನ್ನು ತಂದರೆ ಬೆಳಕು ನಡುವಿನ ಸಂದನ್ನು ದಾಟಿ ಅದಕ್ಕೆ ಇಳಿಯುತ್ತದೆ. ಇದನ್ನು ನೀವೇ ನೋಡಬಹುದು: ಗಾಜಿನ ಲೋಟದ ತುಂಬ ನೀರು ಹಾಕಿ, ಮೇಲಿನಿಂದ ನೀರಿನ ಮೂಲಕ ಓರೆಯಾಗಿ ಲೋಟದ ಪಕ್ಕದ ಗೋಡೆಯನ್ನು ನೋಡಿ, ಅದು ಬೆಳ್ಳಿಯ ಹಾಗೆ ಹೊಳೆಯುತ್ತದೆ, ಅದರಾಚೆ ಹಿಡಿದ ಒಣ ಬೆರಳು ಕಾಣುವುದಿಲ್ಲ. ಬೆರಳನ್ನು ತುಸು ತೇವಮಾಡಿ ಗಾಜಿಗೆ ಒತ್ತಿದರೆ ಗೆರೆಗಳ ಉಬ್ಬುಗಳು ಮಾತ್ರ ಒಂದೊಂದಾಗಿ ಸ್ಪಷ್ಟವಾಗಿ ಮೂಡುತ್ತವೆ, ನಡುವಿನ ತಗ್ಗುಗಳು ಬೆಳ್ಳಿಯಾಗಿಯೇ ಉಳಿಯುತ್ತವೆ. ತಗ್ಗುಗಳಲ್ಲಿ ಉಳಿದಿರುವ ಗಾಳಿಯ ಪದರ ತರಂಗದೂರಕ್ಕೆ ಹೋಲಿಸಿದರೆ ಬಹಳ ದಪ್ಪ. ಉಬ್ಬುಗಳಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ತೆಳು. ಬೆರಳಚ್ಚು ಓದುವ ದೃಕ್ ಯಂತ್ರಗಳಲ್ಲಿ ಪ್ರಿಸಂ ಮೇಲೆ ಬೆರಳಿಡಲು ಹೇಳುವುದು ಈ ವ್ಯತ್ಯಾಸವನ್ನೇ ಚಿತ್ರವಾಗಿ ಹಿಡಿಯಲು. ತೀರ ಒಣಗಿದ ಬೆರಳಿನ ಚಿತ್ರ ಅವುಗಳಲ್ಲಿ ಮಸುಕಾಗಿ ಬರುವುದಕ್ಕೂ ಉಬ್ಬುಗಳು ಗಾಜಿಗೆ ಸಾಕಷ್ಟು ಅಂಟಿಕೊಳ್ಳದಿರುವುದೇ ಕಾರಣ.